ತಾಯಿಗೊಂದು ತಾಲೀಮು

ಒಂದು ಸಣ್ಣ ಕೋಣೆ. ನೆಲದ ಮೇಲೆ ಒಬ್ಬ ತಾಯಿ ಮತ್ತು ಆಕೆಯ ಐದು ವರ್ಷದ ಮಗ. ಇಬ್ಬರ ನಡುವೆ ಬಣ್ಣಬಣ್ಣದ ಆಟದ ಇಟ್ಟಿಗೆಗಳು. ಒಂದು ಗೋಡೆಯಲ್ಲಿ ಕನ್ನಡಿಯಂತೆ ಕಾಣುವ ಗಾಜು ಇದೆ. ಆಚೆ ಕುಳಿತವರಿಗೆ ಒಳಗಿನದೆಲ್ಲ ಕಾಣಿಸುತ್ತದೆ, ಒಳಗಿನವರಿಗೆ ಆಚೆಯದು ಕಾಣಿಸದು. ತಾಯಿಯ ಕಿವಿಯೊಳಗೆ ಪುಟ್ಟದೊಂದು ಯಂತ್ರ. ಮಗು ಕೆಂಪು ಇಟ್ಟಿಗೆಯ ಮೇಲೆ ನೀಲಿ ಇಟ್ಟಿಗೆ ಇಡುತ್ತದೆ. ಅವನು ಮಾಡಿದ್ದನ್ನೇ ಬಾಯಿಬಿಟ್ಟು ಹೇಳಿ ಎಂದು ಯಂತ್ರದೊಳಗಿಂದ ಒಂದು ದನಿ ಪಿಸುಗುಟ್ಟುತ್ತದೆ. ತಾಯಿ ಹೇಳುತ್ತಾಳೆ. ಎಷ್ಟು ಮೆಲ್ಲಗೆ ಇಟ್ಟ ನೋಡಿ, ಅದಕ್ಕೆ ಮೆಚ್ಚುಗೆ ಹೇಳಿ ಎನ್ನುತ್ತದೆ ದನಿ. ತಾಯಿಗೆ ಆ ಮಾತು ಬಾಯಿಗೆ ಬರುವುದೇ ಕಷ್ಟ. ಅಂಥ ಮಾತನ್ನು ಆಕೆಗೂ ಯಾರೂ ಎಂದೂ ಹೇಳಿರಲಿಲ್ಲವೇನೋ.

ಈ ತಾಯಿಯನ್ನು ನಾನು ಕಂಡಿಲ್ಲ. ಆದರೆ ಅಮೇರಿಕದ ಹಲವು ಊರುಗಳಲ್ಲಿ ಇಂಥ ಕೋಣೆಗಳಿವೆ. ಅಲ್ಲಿಗೆ ಬರುವವರಲ್ಲಿ ಅನೇಕರು ತಮ್ಮ ಮಕ್ಕಳನ್ನು ಗಾಯವಾಗುವಂತೆ ಹೊಡೆದವರು. ಸರಕಾರದ ಕಡತದಲ್ಲಿ ಹೆಸರಿರುವವರು. ಮಗು ತಮ್ಮ ಬಳಿ ಉಳಿಯುವುದೋ ಇಲ್ಲವೋ ಎಂಬುದು ಎಷ್ಟೋ ಸಲ ಈ ಕೋಣೆಯಲ್ಲಿ ಅವರು ಏನು ಕಲಿಯುತ್ತಾರೆ ಎಂಬುದನ್ನೂ ಅವಲಂಬಿಸಿರುತ್ತದೆ. ಮಗುವಿನೊಡನೆ ಆಡುವುದು ಹೇಗೆಂದು ಹೆತ್ತ ತಾಯಿಗೇ ಸರಕಾರ ಪಾಠ ಹೇಳಿಸುವ ಪರಿಸ್ಥಿತಿ ಹೇಗೆ ಬಂತು? ಈ ಕಥೆಗೆ ನೂರೈವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅದರಲ್ಲಿ ಕಣ್ಣಿಗೆ ಹೊಡೆದು ಕಾಣುವ ಸಂಗತಿ ಒಂದೇ: ಮಗುವನ್ನು ಕಸಿದುಕೊಳ್ಳುವ ಅಧಿಕಾರ ಮೊದಲು ಬಂತು. ಹೆತ್ತವರಿಗೆ ಕಲಿಸುವ ವಿದ್ಯೆ ಬಂದದ್ದು ಬಹಳ ತಡವಾಗಿ.

1853ರಲ್ಲಿ ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಲೋರಿಂಗ್ ಬ್ರೇಸ್ ಎಂಬ ಪಾದ್ರಿ ಮಕ್ಕಳ ನೆರವಿನ ಸಂಘವೊಂದನ್ನು ಸ್ಥಾಪಿಸಿದರು. ಬೀದಿಯಲ್ಲಿ ಅಲೆಯುವ ಬಡ ಮಕ್ಕಳನ್ನು ರೈಲಿಗೆ ಹತ್ತಿಸಿ ಪಶ್ಚಿಮದ ರೈತ ಕುಟುಂಬಗಳಿಗೆ ಒಪ್ಪಿಸುವುದು ಅವರ ಯೋಜನೆ. 1854ರಲ್ಲಿ ಮೊದಲ ತಂಡ ಮಿಷಿಗನ್‌ಗೆ ಹೋಯಿತು. 1929ರ ತನಕ ನಡೆದ ಈ 'ಅನಾಥರ ರೈಲು'ಗಳಲ್ಲಿ ಸುಮಾರು ಎರಡು ಲಕ್ಷ ಮಕ್ಕಳು ಪ್ರಯಾಣ ಮಾಡಿದರೆಂದು ಅಂದಾಜು. ಹೆಸರಿಗೆ ಅನಾಥರ ರೈಲು. ಆದರೆ ಅದರಲ್ಲಿದ್ದ ಎಷ್ಟೋ ಮಕ್ಕಳ ತಾಯಿ ಅಥವಾ ತಂದೆ ಬದುಕಿದ್ದರು. ವಲಸೆ ಬಂದ ಬಡವರಾಗಿದ್ದರು, ಅಷ್ಟೇ.

ಮೇರಿ ಎಲೆನ್ ಎಂಬ ಹುಡುಗಿಯ ಮೊಕದ್ದಮೆ ನಡೆದದ್ದು 1874ರಲ್ಲಿ, ಅದೇ ನ್ಯೂಯಾರ್ಕಿನಲ್ಲಿ. ಆಕೆಗೆ ಆಗ ಸುಮಾರು ಹತ್ತು ವರ್ಷ. ಸಾಕುತಾಯಿ ದಿನವೂ ಹೊಡೆಯುತ್ತಿದ್ದಳು, ಕತ್ತರಿಯಿಂದ ಮುಖಕ್ಕೆ ಗಾಯ ಮಾಡಿದ್ದಳು. ಬಡವರ ವಠಾರಗಳಲ್ಲಿ ಸೇವೆ ಮಾಡುತ್ತಿದ್ದ ಎಟ್ಟಾ ವೀಲರ್ ಎಂಬ ಮಹಿಳೆಗೆ ವಿಷಯ ತಿಳಿಯಿತು. ಆಕೆ ಹೋಗದ ಬಾಗಿಲಿಲ್ಲ. ಎಲ್ಲಿಯೂ ನೆರವು ಸಿಗದೆ ಕೊನೆಗೆ ಪ್ರಾಣಿ ಹಿಂಸೆ ತಡೆಯುವ ಸಂಘದ ಹೆನ್ರಿ ಬರ್ಗ್ ಅವರ ಮನೆ ಬಾಗಿಲು ತಟ್ಟಿದರು. ಮಗುವೂ ಒಂದು ಪ್ರಾಣಿಯೇ ಎಂದು ವಾದಿಸಿ ಪ್ರಾಣಿದಯಾ ಕಾನೂನಿನಡಿ ಆಕೆಯನ್ನು ಬಿಡಿಸಿದರೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಬರ್ಗ್ ಅವರ ವಕೀಲ ಎಲ್‌ಬ್ರಿಜ್ ಗೆರಿ ಬಳಸಿದ್ದು ಹೇಬಿಯಸ್ ಕಾರ್ಪಸ್ ಕಾನೂನನ್ನು. ಸಾಕುತಾಯಿಗೆ ಒಂದು ವರ್ಷ ಸಜೆಯಾಯಿತು. ಮುಂದಿನ ವರ್ಷವೇ ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ಸಂಘ ನೋಂದಣಿಯಾಯಿತು. ಮೇರಿ ಎಲೆನ್ ಎಟ್ಟಾ ವೀಲರ್ ಅವರ ಬಂಧುಗಳ ಮನೆಯಲ್ಲಿ ಬೆಳೆದು, ಮದುವೆಯಾಗಿ, ತನ್ನ ಮಗಳೊಬ್ಬಳಿಗೆ ಎಟ್ಟಾ ಎಂದೇ ಹೆಸರಿಟ್ಟು, 92ನೇ ವಯಸ್ಸಿನಲ್ಲಿ 1956ರಲ್ಲಿ ತೀರಿಕೊಂಡರು.

ಆ ಸಂಘದ ಮಾದರಿಯಲ್ಲಿ ದೇಶದ ತುಂಬ ಸಂಘಗಳು ಹುಟ್ಟಿದವು. ಬಡವರ ಓಣಿಗಳಲ್ಲಿ ಅವಕ್ಕೆ ಬಂದ ಹೆಸರು ಬೇರೆ. ಬಾಸ್ಟನ್ ನಗರದ ಹಳೆಯ ಕಡತಗಳನ್ನು ಓದಿ ಲಿಂಡಾ ಗಾರ್ಡನ್ ಎಂಬ ಇತಿಹಾಸಕಾರ್ತಿ 1988ರಲ್ಲಿ ಪುಸ್ತಕವೊಂದನ್ನು ಬರೆದರು. ಕ್ರೌರ್ಯ ತಡೆಯುವ ಸಂಘವನ್ನು ಅಲ್ಲಿನ ಬಡವರು ಸುಮ್ಮನೆ 'ಕ್ರೌರ್ಯ' ಎಂದೇ ಕರೆಯುತ್ತಿದ್ದರಂತೆ. 'ಕ್ರೌರ್ಯ ಬಂತು' ಎಂದರೆ ಸಂಘದವರು ಬಂದರು, ಮಕ್ಕಳನ್ನು ಅಡಗಿಸಿ ಎಂದರ್ಥ. ಆದರೆ ಗಾರ್ಡನ್ ಅವರ ಪುಸ್ತಕ ಇನ್ನೊಂದು ಮಗ್ಗುಲನ್ನೂ ತೋರಿಸುತ್ತದೆ. ಕುಡಿದು ಬಂದು ಬಡಿಯುವ ಗಂಡನಿಂದ ರಕ್ಷಣೆ ಬೇಡಿ ತಾವಾಗಿಯೇ ಆ ಸಂಘದ ಮೆಟ್ಟಿಲು ಹತ್ತಿದ ಹೆಂಗಸರೂ ಬಹಳ ಮಂದಿ ಇದ್ದರು. ಹೆದರಿಕೆಯೂ ಅದೇ ಬಾಗಿಲು, ಆಸರೆಯೂ ಅದೇ ಬಾಗಿಲು. ಈ ಇಬ್ಬಂದಿತನ ಅಲ್ಲಿನ ಮಕ್ಕಳ ಕಲ್ಯಾಣ ವ್ಯವಸ್ಥೆಯನ್ನು ಇಂದಿಗೂ ಬಿಟ್ಟಿಲ್ಲ.

1909ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶ್ವೇತಭವನದಲ್ಲಿ ಸಭೆಯೊಂದನ್ನು ಕರೆದರು. ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರ್ಪಡಿಸಕೂಡದು ಎಂದು ಆ ಸಭೆ ಸಾರಿತು. ಎರಡು ವರ್ಷಗಳ ನಂತರ ಇಲಿನಾಯ್ ರಾಜ್ಯ ತಾಯಂದಿರಿಗೆ ಪಿಂಚಣಿ ಕೊಡುವ ಕಾನೂನು ಮಾಡಿತು. 1920ರ ವೇಳೆಗೆ ಸುಮಾರು ನಲವತ್ತು ರಾಜ್ಯಗಳು ಅದನ್ನು ಅನುಸರಿಸಿದವು. ವಿಚಾರ ದೊಡ್ಡದು, ಕೈ ಮಾತ್ರ ಚಿಕ್ಕದು. 'ಯೋಗ್ಯ' ವಿಧವೆಯರಿಗಷ್ಟೇ ಪಿಂಚಣಿ ಸಿಗುತ್ತಿತ್ತು. ಯೋಗ್ಯತೆಯನ್ನು ಅಳೆಯುವವರು ಬಿಳಿಯರು. 1931ರ ಗಣತಿಯ ಪ್ರಕಾರ ಪಿಂಚಣಿ ಪಡೆದವರಲ್ಲಿ ಕಪ್ಪು ತಾಯಂದಿರು ಶೇ. 3ರಷ್ಟು ಮಾತ್ರ.

ಸರಕಾರ ತಾಯಂದಿರಿಗೆ ಪಾಠ ಹೇಳಲು ಶುರುಮಾಡಿದ್ದೂ ಅದೇ ಕಾಲದಲ್ಲಿ. 1912ರಲ್ಲಿ ಹುಟ್ಟಿದ ಮಕ್ಕಳ ಇಲಾಖೆ 1914ರಲ್ಲಿ ಶಿಶುಪಾಲನೆಯ ಬಗ್ಗೆ ಒಂದು ಕಿರುಪುಸ್ತಕ ಹೊರತಂದಿತು. ಬರೆದವರು ಐದು ಮಕ್ಕಳ ತಾಯಿ. ಸ್ನಾನ, ಹಾಲು, ನಿದ್ದೆ ಎಲ್ಲದಕ್ಕೂ ಗಡಿಯಾರದ ಲೆಕ್ಕ. ಎಳೆಗೂಸಿನೊಡನೆ ಹೆಚ್ಚು ಆಟವಾಡಬೇಡಿ ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಅದೇ ಸರಕಾರದ ಹಣದಿಂದ ಒಂದು ಶತಮಾನದ ನಂತರ ತಾಯಂದಿರ ಕಿವಿಗೆ ಯಂತ್ರ ಸಿಕ್ಕಿಸಿ ದಿನಕ್ಕೆ ಐದು ನಿಮಿಷವಾದರೂ ಮಗುವಿನೊಡನೆ ಆಡಿರಿ ಎಂದು ಹೇಳಿಸಲಾಗುತ್ತಿದೆ! ತಜ್ಞರ ಮಾತನ್ನು ಕಣ್ಣುಮುಚ್ಚಿ ನಂಬುವ ಮೊದಲು ಇದನ್ನೊಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು.

ಮಕ್ಕಳ ಮೇಲಿನ ಹಲ್ಲೆಯನ್ನು ಮತ್ತೆ ಸಾರ್ವಜನಿಕರ ಮುಂದೆ ತಂದವರು ವೈದ್ಯರು. ಎಕ್ಸ್‌ರೇ ತಜ್ಞ ಜಾನ್ ಕೆಫಿ 1946ರಲ್ಲಿಯೇ ಕೆಲವು ಶಿಶುಗಳ ಮುರಿದ ಎಲುಬುಗಳ ಬಗ್ಗೆ ಬರೆದಿದ್ದರು. 1962ರಲ್ಲಿ ಡೆನ್ವರ್‌ನ ಮಕ್ಕಳ ವೈದ್ಯ ಹೆನ್ರಿ ಕೆಂಪೆ ಮತ್ತು ಸಂಗಡಿಗರು 71 ಆಸ್ಪತ್ರೆಗಳಿಂದ ಮಾಹಿತಿ ಸಂಗ್ರಹಿಸಿ ಲೇಖನವೊಂದನ್ನು ಪ್ರಕಟಿಸಿದರು. 302 ಮಕ್ಕಳು. 33 ಮಕ್ಕಳು ಸತ್ತಿದ್ದರು, 85 ಮಕ್ಕಳ ಮೆದುಳಿಗೆ ಶಾಶ್ವತ ಹಾನಿಯಾಗಿತ್ತು. ಕೆಂಪೆ ಅದಕ್ಕೊಂದು ರೋಗದ ಹೆಸರು ಕೊಟ್ಟರು. ರೋಗದ ಹೆಸರಿಗಿರುವ ಶಕ್ತಿ ದೊಡ್ಡದು. ಐದೇ ವರ್ಷಗಳಲ್ಲಿ, ಅಂದರೆ 1967ರ ವೇಳೆಗೆ, ಎಲ್ಲ ರಾಜ್ಯಗಳೂ ಇಂಥ ಪ್ರಕರಣಗಳನ್ನು ವರದಿ ಮಾಡುವುದನ್ನು ಕಡ್ಡಾಯ ಮಾಡಿದವು. 1974ರಲ್ಲಿ ಸೆನೆಟರ್ ವಾಲ್ಟರ್ ಮಾಂಡೇಲ್ ಮುತುವರ್ಜಿಯಿಂದ ರಾಷ್ಟ್ರೀಯ ಕಾನೂನು ಬಂತು. ಇದು ಬಡವರ ಸಮಸ್ಯೆಯಲ್ಲ, ಎಲ್ಲ ವರ್ಗಗಳಲ್ಲೂ ಇರುವಂಥದ್ದು ಎಂದು ಮಾಂಡೇಲ್ ಪಟ್ಟುಹಿಡಿದು ಹೇಳಿದರು. ಬಡವರ ಮಸೂದೆ ಎಂದರೆ ಪಾಸಾಗುವುದಿಲ್ಲ ಎಂಬ ರಾಜಕೀಯ ಜಾಣ್ಮೆ ಅದರಲ್ಲಿತ್ತು. ಮಸೂದೆ ಪಾಸಾಯಿತು. ಆದರೆ 1909ರ ಸಭೆ ಹೇಳಿದ ಮಾತು ಹಿಂದೆ ಸರಿಯಿತು. ತಪ್ಪೆಲ್ಲ ತಾಯಿಯ ಸ್ವಭಾವದ್ದು, ಮನೆಯ ಸ್ಥಿತಿಯದ್ದಲ್ಲ ಎಂದಾಯಿತು.

ವರದಿಗಳು ಬರತೊಡಗಿದವು. ಮಕ್ಕಳನ್ನು ಎತ್ತಿಕೊಂಡು ಹೋಗುವುದೂ ಹೆಚ್ಚಾಯಿತು. 1970ರ ದಶಕದ ಕೊನೆಯಲ್ಲಿ ಸುಮಾರು ಐದು ಲಕ್ಷ ಮಕ್ಕಳು ಸರಕಾರ ಗೊತ್ತುಮಾಡಿದ ಸಾಕುಮನೆಗಳಲ್ಲಿದ್ದರು. ಒಂದು ಸಾಕುಮನೆಯಿಂದ ಇನ್ನೊಂದಕ್ಕೆ ಚೆಂಡಿನಂತೆ ಎಸೆಯಲ್ಪಟ್ಟವರೂ ಅವರಲ್ಲಿದ್ದರು. 1980ರಲ್ಲಿ ಬಂದ ಕಾನೂನು ರಾಜ್ಯಗಳಿಗೆ ಒಂದು ಷರತ್ತು ವಿಧಿಸಿತು. ಮಗುವನ್ನು ಬೇರ್ಪಡಿಸುವ ಮೊದಲು, ಬೇರ್ಪಡಿಸಿದರೆ ಮರಳಿ ಸೇರಿಸಲು, ಯುಕ್ತವಾದ ಪ್ರಯತ್ನ ಮಾಡಿದ್ದೇವೆಂದು ಅವು ತೋರಿಸಬೇಕು. ಯುಕ್ತ ಪ್ರಯತ್ನ ಎಂದರೇನು ಎಂದು ಮಾತ್ರ ಕಾನೂನು ಹೇಳಲಿಲ್ಲ.

ಇಲಾಖೆಗಳಿಗೆ ಸುಲಭವಾಗಿ ಕೈಗೆ ಸಿಕ್ಕಿದ ಪ್ರಯತ್ನವೆಂದರೆ ಪಾಲಕರ ತರಗತಿ. ನ್ಯಾಯಾಧೀಶರು ಆದೇಶಿಸುವುದು, ತಾಯಿ ವಾರಕ್ಕೊಮ್ಮೆ ಹೋಗಿ ಸಾಲು ಕುರ್ಚಿಯಲ್ಲಿ ಕೂರುವುದು, ಯಾರೋ ಮಗುವಿನ ಬೆಳವಣಿಗೆಯ ಹಂತಗಳ ಬಗ್ಗೆ ಭಾಷಣ ಮಾಡುವುದು, ವೀಡಿಯೋ ತೋರಿಸುವುದು, ಹಾಜರಿ ಪುಸ್ತಕಕ್ಕೆ ಸಹಿ. ಕೊನೆಯಲ್ಲಿ ಪ್ರಮಾಣಪತ್ರ. ಆ ಕಾಗದವನ್ನು ತಾಯಿ ನ್ಯಾಯಾಲಯಕ್ಕೆ ಒಯ್ಯಬೇಕು. ಮಗು ಹಿಂದಿರುಗುವುದು ಆ ಕಾಗದವನ್ನೂ ಅವಲಂಬಿಸಿತ್ತು. ಮಕ್ಕಳ ಕಲ್ಯಾಣ ಇಲಾಖೆಗಳು ಹೆತ್ತವರಿಗೆ ಕೊಡುತ್ತಿದ್ದ ಸೇವೆಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಇದೇ. ಆದರೆ ಇದರಿಂದ ಹೊಡೆತ ಕಡಿಮೆಯಾಯಿತೇ ಎಂದು ಪರೀಕ್ಷಿಸಿ ನೋಡಿದವರು ವಿರಳ. ಔಷಧಿ ಅಂಗಡಿಯಲ್ಲಿ ಸಿಗುವ ಕೆಮ್ಮಿನ ಸಿರಪ್‌ಗೂ ಅದಕ್ಕಿಂತ ಹೆಚ್ಚಿನ ಪರೀಕ್ಷೆ ನಡೆಯುತ್ತದೆ.

ವಿಚಿತ್ರವೆಂದರೆ ನಿಜವಾದ ವಿದ್ಯೆ ಅದೇ ದೇಶದಲ್ಲಿ ಬೇರೊಂದು ಮೂಲೆಯಲ್ಲಿ ಬೆಳೆಯುತ್ತಿತ್ತು. ಅದಕ್ಕೂ ಮಕ್ಕಳ ಕಲ್ಯಾಣ ಇಲಾಖೆಗೂ ಸಂಬಂಧವಿರಲಿಲ್ಲ. 1960ರ ದಶಕದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಿಡ್ನಿ ಬೀಜೂ ಮತ್ತು ಸಂಗಡಿಗರು ಹಠಮಾರಿ ಮಗುವಿನ ಮನೆಗೇ ಹೋದರು. ತಾಯಿ ಯಾವಾಗ ಮಗುವಿನತ್ತ ಗಮನ ಕೊಡಬೇಕು, ಯಾವಾಗ ಕಂಡೂ ಕಾಣದಂತೆ ಇರಬೇಕು ಎಂದು ಕೈಸನ್ನೆಯಲ್ಲಿ ತಿಳಿಸಿದರು. ಮಗು ಬದಲಾಯಿತು. 1966ರಲ್ಲಿ ಅದರ ವರದಿ ಬಂತು. ಒರೆಗಾನ್ ರಾಜ್ಯದ ಯೂಜೀನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ತಮ್ಮ ಜನರನ್ನು ಮನೆಮನೆಗೆ ಕಳಿಸಿ, ಊಟದ ಹೊತ್ತಿನಲ್ಲಿ ಯಾರು ಯಾರಿಗೆ ಏನೆಂದರು ಎಂದು ಕ್ಷಣಕ್ಷಣವೂ ದಾಖಲಿಸಿದರು. ಅವರು ಕಂಡದ್ದು ಒಂದು ಬಲೆ. ತಾಯಿ ಏನೋ ಮಾಡೆನ್ನುತ್ತಾಳೆ. ಮಗು ರಂಪ ಮಾಡುತ್ತದೆ. ತಾಯಿ ಸೋತು ಸುಮ್ಮನಾಗುತ್ತಾಳೆ. ರಂಪ ಮಾಡಿದರೆ ಗೆಲ್ಲಬಹುದೆಂದು ಮಗು ಕಲಿಯಿತು. ಸುಮ್ಮನಾದರೆ ಗಲಾಟೆ ನಿಲ್ಲುತ್ತದೆಂದು ತಾಯಿ ಕಲಿತಳು. ಮರುದಿನ ತಾಯಿ ಕೈಯೆತ್ತುತ್ತಾಳೆ, ಮಗು ತಕ್ಷಣ ತಣ್ಣಗಾಗುತ್ತದೆ. ಹೊಡೆದರೆ ಕೆಲಸವಾಗುತ್ತದೆ ಎಂಬ ಪಾಠವೂ ಆಕೆಗೆ ಆಯಿತು. ಹೀಗೆ ಒಬ್ಬರನ್ನೊಬ್ಬರು ಕೆಟ್ಟದ್ದಕ್ಕೆ ಪಳಗಿಸುತ್ತಾ ಹೋಗುತ್ತಾರೆ. ಇದರಲ್ಲಿ ರಾಕ್ಷಸಿ ತಾಯಿ ಎಲ್ಲಿದ್ದಾಳೆ?

ಕೈಯೆತ್ತಿದರೆ ಕೆಲಸವಾಗುತ್ತದೆ ಎಂಬ ಪಾಠ ನನ್ನ ತಲೆಮಾರಿನವರಿಗೆ ಹೊಸದಲ್ಲ. ನಮ್ಮನ್ನು ಉರ್ದು ಶಾಲೆಗೆ ಸೇರಿಸುವಾಗ ದೊಡ್ಡವರು ಮೇಷ್ಟ್ರಿಗೆ ಹೇಳುತ್ತಿದ್ದ ಮಾತು, 'ಹಡ್ಡೀ ಹಮಾರಿ, ಚಮ್ಡೀ ತುಮ್ಹಾರಿ.' ಎಲುಬು ನಮ್ಮದು, ಚರ್ಮ ನಿಮ್ಮದು. ಹೇಳಿದವರು ಕ್ರೂರಿಗಳಲ್ಲ, ಪ್ರೀತಿಯಿಂದಲೇ ಹೇಳುತ್ತಿದ್ದರು. ಬೇರೆ ದಾರಿಯನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ಒರೆಗಾನ್‌ನ ಇನ್ನೊಂದು ಊರು ಪೋರ್ಟ್‌ಲ್ಯಾಂಡ್‌ನ ವೈದ್ಯಕೀಯ ಕಾಲೇಜಿನಲ್ಲಿ ಕಾನ್‌ಸ್ಟನ್ಸ್ ಹ್ಯಾಂಫ್ ಎಂಬ ಮನಶ್ಶಾಸ್ತ್ರಜ್ಞೆ ಇದ್ದರು. ಅಂಗವಿಕಲ ಮಕ್ಕಳ ತಾಯಂದಿರಿಗಾಗಿ 1960ರ ದಶಕದ ಕೊನೆಯಲ್ಲಿ ಅವರು ಎರಡು ಹಂತಗಳ ಪದ್ಧತಿಯೊಂದನ್ನು ರೂಪಿಸಿದರು. ಮೊದಲ ಹಂತದಲ್ಲಿ ಆಟದ ಯಜಮಾನಿಕೆ ಮಗುವಿನದು, ತಾಯಿ ಅದನ್ನು ಹಿಂಬಾಲಿಸಬೇಕು. ಎರಡನೆಯ ಹಂತದಲ್ಲಿ ಯಜಮಾನಿಕೆ ತಾಯಿಯದು. ಆಕೆ ಸ್ಪಷ್ಟವಾಗಿ ಒಂದು ಮಾತು ಹೇಳಬೇಕು, ಮಗು ಕೇಳಿದರೆ ಮೆಚ್ಚಬೇಕು, ಕೇಳದಿದ್ದರೆ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಒಂಟಿಯಾಗಿ ಕೂರಿಸಬೇಕು. ಹ್ಯಾಂಫ್ ಹೆಚ್ಚೇನೂ ಪ್ರಕಟಿಸಲಿಲ್ಲ. ಆದರೆ ಅವರ ಶಿಷ್ಯರು, ಶಿಷ್ಯರ ಶಿಷ್ಯರು ಈ ಕ್ಷೇತ್ರವನ್ನೇ ಕಟ್ಟಿದರು. ಅವರಲ್ಲೊಬ್ಬರಾದ ಶೀಲಾ ಐಬರ್ಗ್ ಮುಂದೆ ಫ್ಲಾರಿಡಾದಲ್ಲಿ ಪೂರ್ಣಗೊಳಿಸಿದ ಚಿಕಿತ್ಸೆಯೇ ಈ ಲೇಖನದ ಮೊದಲಲ್ಲಿ ಹೇಳಿದ ಕೋಣೆ, ಗಾಜು ಮತ್ತು ಕಿವಿಯ ದನಿ.

ಇದರಲ್ಲಿ ಪ್ರಮಾಣಪತ್ರ ಸಿಗುವುದು ಹಾಜರಿಗಲ್ಲ. ಗಾಜಿನಾಚೆ ಕುಳಿತವರು ಎಣಿಸುತ್ತಾರೆ. ಐದು ನಿಮಿಷದಲ್ಲಿ ತಾಯಿ ಹತ್ತು ಸಲ ಇಂಥದ್ದಕ್ಕೆ ಎಂದು ಹೆಸರಿಸಿ ಮೆಚ್ಚಬೇಕು, ಹತ್ತು ಸಲ ಮಗುವಿನ ಮಾತನ್ನೇ ತಿರುಗಿ ಹೇಳಬೇಕು, ಹತ್ತು ಸಲ ಅದು ಮಾಡುತ್ತಿರುವುದನ್ನು ವರ್ಣಿಸಬೇಕು. ಪ್ರಶ್ನೆ, ಅಪ್ಪಣೆ, ಟೀಕೆ ಮೂರೂ ಸೇರಿ ಮೂರಕ್ಕಿಂತ ಕಡಿಮೆ ಇರಬೇಕು. ಇಷ್ಟು ಬಂದ ಮೇಲೆಯೇ ಎರಡನೆಯ ಹಂತ. ಓದುಗರು ಮನೆಯಲ್ಲಿ ಐದು ನಿಮಿಷ ಪ್ರಯತ್ನಿಸಿ ನೋಡಬಹುದು. ಪ್ರಶ್ನೆ ಕೇಳದೆ, ಅಪ್ಪಣೆ ಕೊಡದೆ ಮಗುವಿನೊಡನೆ ಮಾತಾಡುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಗುತ್ತದೆ. ನಾನು ಎರಡನೆಯ ನಿಮಿಷದಲ್ಲೇ ಸೋತೆ.

ಉರ್ದು ಮತ್ತು ಕನ್ನಡ ಎರಡೂ ಓದಿದವರಿಗೆ ಇಲ್ಲಿ ಒಂದು ಶಬ್ದ ನೆನಪಾಗದಿರದು. ಉರ್ದುವಿನಲ್ಲಿ ತಾಲೀಮ್ ಎಂದರೆ ಶಾಲೆಯ ವಿದ್ಯೆ, ಪುಸ್ತಕದ ಪಾಠ. ಅದೇ ಶಬ್ದ ಕನ್ನಡಕ್ಕೆ ಬಂದು ತಾಲೀಮು ಆದಾಗ ನಾಟಕದವರ, ಕುಸ್ತಿಪಟುಗಳ ಮಾತಾಯಿತು. ಮೈ ಬೆವರುವ ತನಕ ಮಾಡಿದ್ದನ್ನೇ ಮಾಡುವುದು. ಅಮೇರಿಕದ ನ್ಯಾಯಾಲಯಗಳು ತಾಯಂದಿರಿಗೆ ವರ್ಷಗಟ್ಟಲೆ ಕೊಡಿಸಿದ್ದು ಉರ್ದುವಿನ ತಾಲೀಮ್. ಅವರಿಗೆ ಬೇಕಾಗಿದ್ದದ್ದು ಕನ್ನಡದ ತಾಲೀಮು.

ಮನೋವಿಜ್ಞಾನಿಗಳ ಈ ವಿದ್ಯೆಯನ್ನು ಬಡವರ ಮನೆಬಾಗಿಲಿಗೆ ಮೊದಲು ಒಯ್ದವರಲ್ಲಿ ಜಾನ್ ಲುಟ್ಸ್‌ಕರ್ ಮುಖ್ಯರು. 1979ರಲ್ಲಿ ದಕ್ಷಿಣ ಇಲಿನಾಯ್‌ನ ಹಳ್ಳಿಗಾಡಿನಲ್ಲಿ ಅವರು ಆರಂಭಿಸಿದ ಯೋಜನೆಯಲ್ಲಿ ಹನ್ನೆರಡು ಬಗೆಯ ನೆರವು ಇತ್ತು. ಅದನ್ನೇ ಸೋಸಿ ಮುಂದೆ ಮೂರಕ್ಕಿಳಿಸಿ 'ಸೇಫ್‌ಕೇರ್' ಎಂದು ಕರೆದರು. ಮನೆಯಲ್ಲಿ ಮಗುವಿನ ಕೈಗೆ ಸಿಗಬಾರದ ಔಷಧ, ವಿಷ, ಚೂಪಾದ ವಸ್ತುಗಳನ್ನು ಎತ್ತಿಡುವುದು. ಜ್ವರ ಬಂದರೆ ಮನೆಮದ್ದು ಸಾಕೇ, ವೈದ್ಯರಿಗೆ ಫೋನ್ ಮಾಡಬೇಕೇ, ಆಸ್ಪತ್ರೆಗೆ ಓಡಬೇಕೇ ಎಂದು ತೀರ್ಮಾನಿಸುವುದು. ಮತ್ತು ಮಗುವಿನೊಡನೆ ಒಡನಾಡುವುದು. ಇಲ್ಲಿ ಗಾಜಿನ ಕೋಣೆಯಿಲ್ಲ, ಕಾರ್ಯಕರ್ತೆಯೇ ತಾಯಿಯ ಅಡುಗೆಮನೆಗೆ ಬರುತ್ತಾಳೆ. ಮಗುವಿನ ಮೇಲಿನ ಅಪರಾಧವೆಂದು ಬರೆಯಲ್ಪಡುವ ಕಡತಗಳಲ್ಲಿ ಬಹುಪಾಲು ಹೊಡೆತದ್ದಲ್ಲ, ನಿರ್ಲಕ್ಷ್ಯದ್ದು ಎಂಬುದನ್ನು ಲುಟ್ಸ್‌ಕರ್ ಬೇಗ ಗುರುತಿಸಿದ್ದರು.

ನಿಜವಾದ ಪರೀಕ್ಷೆ ನಡೆದದ್ದು ಒಕ್ಲಹೋಮ ರಾಜ್ಯದಲ್ಲಿ. ಮಾರ್ಕ್ ಚಾಫಿನ್ ಮತ್ತು ಸಂಗಡಿಗರು ಮಕ್ಕಳನ್ನು ಹೊಡೆದು ಸರಕಾರದ ಕಡತ ಸೇರಿದ 110 ಹೆತ್ತವರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪುಗಳಿಗೆ ಹಂಚಿದರು. ಒಂದು ಗುಂಪಿಗೆ ಹಿಂದಿನಿಂದ ನಡೆದುಬಂದ ತರಗತಿ. ಇನ್ನೊಂದಕ್ಕೆ ಕಿವಿಯ ದನಿಯ ಚಿಕಿತ್ಸೆ. ಮೂರನೆಯದಕ್ಕೆ ಅದೇ ಚಿಕಿತ್ಸೆಯ ಜೊತೆಗೆ ಖಿನ್ನತೆ, ಕುಡಿತ, ಗಂಡಹೆಂಡಿರ ಜಗಳ ಮುಂತಾದವುಗಳಿಗೆ ಹೆಚ್ಚುವರಿ ಸೇವೆ. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಸುಮಾರು 850 ದಿನಗಳ ನಂತರ ನೋಡಿದಾಗ ಹಳೆಯ ತರಗತಿಗೆ ಹೋದವರಲ್ಲಿ ಶೇ. 49 ಮಂದಿಯ ಮೇಲೆ ಹೊಡೆತದ ದೂರು ಮತ್ತೆ ಬಂದಿತ್ತು. ಅಂದರೆ ಆ ಪ್ರಮಾಣಪತ್ರಕ್ಕಿದ್ದ ಬೆಲೆ ನಾಣ್ಯ ಚಿಮ್ಮಿದಷ್ಟು. ಕಿವಿಯ ದನಿಯೊಡನೆ ಅಭ್ಯಾಸ ಮಾಡಿದವರಲ್ಲಿ ಇದು ಶೇ. 19. ಹೆಚ್ಚುವರಿ ಸೇವೆಗಳನ್ನೂ ಪಡೆದವರಲ್ಲಿ ಶೇ. 36. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದು ಎಂಬ ನಂಬಿಕೆಗೆ ಇದರಿಂದ ಆಧಾರವೇನೂ ಸಿಗಲಿಲ್ಲ. ಹತ್ತು ಕಚೇರಿಗಳಿಗೆ ಅಲೆಯುವ ತಾಯಿ ಯಾವುದನ್ನು ನೆಟ್ಟಗೆ ಕಲಿಯಬಲ್ಲಳು?

ಆದರೆ ಈ ವಿದ್ಯೆಗೆ ಒಂದು ಷರತ್ತಿದೆ. ಅಭ್ಯಾಸಕ್ಕೆ ಮಗು ಬೇಕು. ಅದೇ ತಂಡ 2011ರಲ್ಲಿ 192 ಹೆತ್ತವರ ಮೇಲೆ ಮತ್ತೊಂದು ಪರೀಕ್ಷೆಯನ್ನು ಪ್ರಕಟಿಸಿತು. ಇವರ ಮೇಲೆ ಹಿಂದೆ ಸರಾಸರಿ ಆರು ದೂರುಗಳಿದ್ದವು, ಹೆಚ್ಚಿನವರ ಮಕ್ಕಳನ್ನು ಇಲಾಖೆ ಒಯ್ದಿತ್ತು. ಚಿಕಿತ್ಸೆಯ ಲಾಭ ಎದ್ದು ಕಂಡದ್ದು ಮಕ್ಕಳು ಬೇಗ ಮನೆಗೆ ಮರಳಿದವರಲ್ಲಿ. ತಡವಾಗಿ ಮರಳಿದವರಲ್ಲಿ ಅಷ್ಟಿಲ್ಲ. ನೀರಿಗಿಳಿಯದೆ ಈಜು ಕಲಿಯುವುದು ಹೇಗೆ? ಮಗುವನ್ನು ಒಯ್ದು ಒಳ್ಳೆಯ ತಾಯಿಯಾಗಿ ತೋರಿಸು ಎನ್ನುವ ವ್ಯವಸ್ಥೆಯ ಒಳಗೇ ಈ ಬಿಕ್ಕಟ್ಟು ಇದೆ. ಅದರ ಮೇಲೆ 1997ರ ಕಾನೂನಿನ ಗಡಿಯಾರ ಬೇರೆ. ಮಗು ಸಾಕುಮನೆಗೆ ಹೋದ 22 ತಿಂಗಳಲ್ಲಿ 15 ತಿಂಗಳು ಅಲ್ಲೇ ಕಳೆದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೆತ್ತವರ ಹಕ್ಕನ್ನು ಶಾಶ್ವತವಾಗಿ ರದ್ದುಮಾಡಲು ರಾಜ್ಯ ಅರ್ಜಿ ಹಾಕಲೇಬೇಕು. ಮಗು ವರ್ಷಾನುಗಟ್ಟಲೆ ತ್ರಿಶಂಕುವಾಗಿ ಉಳಿಯಬಾರದೆಂಬ ಕಾಳಜಿ ಅದರಲ್ಲಿತ್ತು, ನಿಜ. ಆದರೆ ಒಳ್ಳೆಯ ತರಬೇತಿ ಇಲ್ಲದ ಊರಿನ ತಾಯಿಗೂ ಅದೇ ಗಡಿಯಾರ.

ಒಕ್ಲಹೋಮದ ಹೆಸರು ಬಂದಾಗ ಅಲ್ಲಿನ ಮೂಲನಿವಾಸಿಗಳ ಮಾತು ಬಾರದೆ ಹೋದರೆ ಚರಿತ್ರೆ ಅರ್ಧವಾಗುತ್ತದೆ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ರಿಚರ್ಡ್ ಪ್ರಾಟ್ ಎಂಬ ಸೇನಾಧಿಕಾರಿ ಮೂಲನಿವಾಸಿ ಮಕ್ಕಳಿಗಾಗಿ ವಸತಿ ಶಾಲೆ ತೆರೆದರು. ಅಂಥ ಶಾಲೆಗಳಲ್ಲಿ ಮಕ್ಕಳ ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ಅವರ ಭಾಷೆ ಆಡಿದರೆ ಹೊಡೆದರು. ತಾಯ್ತಂದೆಯರನ್ನು ನೋಡದೆ ಬ್ಯಾರಕ್ಕುಗಳಲ್ಲಿ ಬೆಳೆದ ತಲೆಮಾರುಗಳು ಮಕ್ಕಳನ್ನು ಹೆತ್ತಾಗ ಮಕ್ಕಳೊಡನೆ ಹೇಗಿರಬೇಕೆಂದು ಅವರಿಗೆ ಯಾರು ಹೇಳಿಕೊಟ್ಟಿದ್ದರು? ಆಮೇಲೆ ಅದೇ ಸರಕಾರದವರು ಬಂದು, ನಿಮಗೆ ಮಕ್ಕಳನ್ನು ಸಾಕಲು ಬಾರದು ಎಂದು ಆ ಮಕ್ಕಳನ್ನೂ ಒಯ್ದರು. 1970ರ ದಶಕದ ಸಮೀಕ್ಷೆಗಳ ಪ್ರಕಾರ ಮೂಲನಿವಾಸಿ ಮಕ್ಕಳಲ್ಲಿ ಶೇ. 25ರಿಂದ 35ರಷ್ಟು ಮಂದಿ ತಮ್ಮ ಕುಟುಂಬದಿಂದ ಬೇರೆಯಾಗಿದ್ದರು. 1978ರಲ್ಲಿ ಇದಕ್ಕೆ ಕಡಿವಾಣ ಹಾಕಲು ಪ್ರತ್ಯೇಕ ಕಾನೂನೇ ಬೇಕಾಯಿತು.

ಇಂಥವರ ಕಿವಿಗೆ ಯಂತ್ರ ಸಿಕ್ಕಿಸಿ ಸರಕಾರದ ದನಿ ಕೇಳಿಸಿದರೆ ಅವರಿಗೆ ಹೇಗನಿಸಬೇಡ? ಒಕ್ಲಹೋಮ ವಿಶ್ವವಿದ್ಯಾನಿಲಯದ ಡೊಲೊರೆಸ್ ಸುಬಿಯಾ ಬಿಗ್‌ಫುಟ್ ಸ್ವತಃ ಮೂಲನಿವಾಸಿ ಸಮುದಾಯದವರು. ಅವರು ಈ ಚಿಕಿತ್ಸೆಯನ್ನು ತಮ್ಮ ಜನರ ಹಳೆಯ ನಂಬಿಕೆಗಳ ಮೂಲಕ ಮತ್ತೆ ವಿವರಿಸಿದರು. ಮಗು ವೃತ್ತದ ನಡುವೆ ಇರುವುದು, ಹಿರಿಯರು ಮಗುವಿನತ್ತ ಗಮನವಿಟ್ಟು ನೋಡುವುದು, ಅದರ ಒಳ್ಳೆಯ ಗುಣವನ್ನು ಎಲ್ಲರೆದುರು ಹೆಸರಿಸಿ ಗೌರವಿಸುವುದು, ಇವೆಲ್ಲ ನಮ್ಮಲ್ಲಿ ಇದ್ದವೇ, ವಸತಿ ಶಾಲೆಗಳು ಅವನ್ನು ಕಿತ್ತುಕೊಂಡವು ಎಂದರು. ಹೊರಗಿನಿಂದ ಬಂದ ಪಾಠವಾಗಿ ಅಲ್ಲದೆ, ಕಳೆದುಹೋದ ಸೊತ್ತನ್ನು ಮರಳಿ ಪಡೆಯುವ ಹಾಗೆ ಕಲಿಸಿದರು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಅಧ್ಯಾಯ ಇದು.

2006ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಯಾವ ತರಬೇತಿಗೆ ಎಷ್ಟು ಪುರಾವೆ ಇದೆ ಎಂದು ಅಂಕ ಕೊಡುವ ವ್ಯವಸ್ಥೆ ಮಾಡಿತು. ಆಸ್ಟ್ರೇಲಿಯಾದ ಮ್ಯಾಟ್ ಸ್ಯಾಂಡರ್ಸ್ ರೂಪಿಸಿದ 'ಟ್ರಿಪಲ್ ಪಿ' ಎಂಬ ತರಬೇತಿಯನ್ನು ದಕ್ಷಿಣ ಕೆರೊಲೈನಾದ 18 ಕೌಂಟಿಗಳಲ್ಲಿ ಪರೀಕ್ಷಿಸಿ, ಇಡೀ ಜಿಲ್ಲೆಯ ಮಟ್ಟದಲ್ಲೇ ಮಕ್ಕಳ ಮೇಲಿನ ದೌರ್ಜನ್ಯ ತಗ್ಗಿಸಬಹುದೆಂದು 2009ರಲ್ಲಿ ಪ್ರಕಟಿಸಿದರು. ಲೆಕ್ಕ ಹಾಕಿದ ವಿಧಾನದ ಬಗ್ಗೆ ಪ್ರಶ್ನೆಗಳು ಎದ್ದವು. 2016ರಲ್ಲಿ ಸಂಶೋಧಕರು ಮತ್ತೆ ಲೆಕ್ಕ ಮಾಡಿ ಪ್ರಕಟಿಸಬೇಕಾಯಿತು. 2012ರಲ್ಲಿ ಸೇಫ್‌ಕೇರ್‌ನ ಪರೀಕ್ಷೆ ಒಕ್ಲಹೋಮದ 2,175 ಹೆತ್ತವರಲ್ಲಿ ನಡೆದ ವರದಿ ಬಂತು. ಮರುದೂರುಗಳು ಕಡಿಮೆಯಾಗಿದ್ದವು, ಆದರೆ ಚಮತ್ಕಾರವೇನೂ ಆಗಿರಲಿಲ್ಲ. ಪುರಾವೆ ಎಂದರೆ ಹೀಗೆಯೇ. ಕೆಲವೊಮ್ಮೆ ಬೆನ್ನು ತಟ್ಟುತ್ತದೆ, ಕೆಲವೊಮ್ಮೆ ಕಿವಿ ಹಿಂಡುತ್ತದೆ. ಈ ತರಬೇತಿಗಳಲ್ಲಿ ಕೆಲವು ಈಗ ಪರವಾನಗಿಯಿರುವ ಸರಕುಗಳೂ ಆಗಿವೆ ಎಂಬುದನ್ನೂ ಮರೆಯಬಾರದು.

ಇನ್ನೊಂದು ಪ್ರಶ್ನೆಗೆ ಯಾವ ತರಬೇತಿಯಲ್ಲೂ ಉತ್ತರವಿಲ್ಲ. 2017ರ ಒಂದು ಅಧ್ಯಯನದ ಪ್ರಕಾರ ಅಮೇರಿಕದ ಮಕ್ಕಳಲ್ಲಿ ಶೇ. 37ರಷ್ಟು ಮಂದಿಯ ಮನೆಗೆ, ಅವರಿಗೆ ಹದಿನೆಂಟು ತುಂಬುವುದರೊಳಗೆ, ಇಲಾಖೆಯ ತನಿಖೆ ಒಮ್ಮೆಯಾದರೂ ಬರುತ್ತದೆ. ಕಪ್ಪು ಮಕ್ಕಳಲ್ಲಿ ಇದು ಶೇ. 53. ಅರ್ಧಕ್ಕಿಂತ ಹೆಚ್ಚು! ಇವರೆಲ್ಲರ ತಾಯಂದಿರಿಗೂ ಮಕ್ಕಳೊಡನೆ ಆಡಲು ಬಾರದೆಂದು ನಂಬಬೇಕೇ? ಡೊರತಿ ರಾಬರ್ಟ್ಸ್ ಎಂಬ ಕಾನೂನು ಪ್ರಾಧ್ಯಾಪಕಿ ಎರಡು ದಶಕಗಳಿಗೂ ಮಿಕ್ಕಿ ಕೇಳುತ್ತಾ ಬಂದಿರುವುದು ಇದನ್ನೇ. ಫ್ರಿಜ್ಜಿನಲ್ಲಿ ಹಾಲಿಲ್ಲ, ಮನೆಯಲ್ಲಿ ಹೀಟರ್ ಕೆಟ್ಟಿದೆ, ತಾಯಿ ರಾತ್ರಿಪಾಳಿಗೆ ಹೋದಾಗ ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲ. ಕಡತದಲ್ಲಿ ಇವು 'ನಿರ್ಲಕ್ಷ್ಯ' ಎಂದಾಗಬಹುದು. ಕೆರ್ರಿ ರೈಸಿಯನ್ ಮತ್ತು ಲಿಂಡ್ಸಿ ಬುಲಿಂಜರ್ 2017ರಲ್ಲಿ ಇನ್ನೊಂದು ಲೆಕ್ಕ ಮಾಡಿದರು. ಕನಿಷ್ಠ ಕೂಲಿ ಗಂಟೆಗೆ ಒಂದು ಡಾಲರ್ ಹೆಚ್ಚಿದರೆ ನಿರ್ಲಕ್ಷ್ಯದ ದೂರುಗಳು ಶೇ. 9.6ರಷ್ಟು ಕಡಿಮೆಯಾಗುತ್ತವೆ. ಯಾವ ತಾಯಿಗೂ ಯಾರೂ ಏನನ್ನೂ ಕಲಿಸದೆಯೇ.

ಹಾಗೆಂದು ಕಲಿಸುವುದೇ ಬೇಡವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಶೇ. 49 ಮತ್ತು 19ರ ನಡುವಿನ ಅಂತರದಲ್ಲಿ ಇರುವುದು ಮತ್ತೆ ಏಟು ತಿನ್ನದೆ ಬೆಳೆದ ಮಕ್ಕಳು. ಮಗುವಿನ ಕೈ ಮುರಿಯುವ ಮಟ್ಟಕ್ಕೆ ಹೋದ ತಂದೆಗೆ ಒಂದು ಡಾಲರ್ ಕೂಲಿ ಹೆಚ್ಚಿಸಿ ಕಳಿಸಿದರೆ ಸಾಲದು. ಆದರೆ ಹಾಲಿಲ್ಲದ ಮನೆಗೆ ಮೆಚ್ಚುಗೆಯ ಮಾತು ಕಲಿಸಿ ಬಂದರೂ ಸಾಲದು. ಯಾರಿಗೆ ಯಾವುದು ಬೇಕೆಂದು ಬೇರ್ಪಡಿಸಿ ನೋಡುವ ವ್ಯವಧಾನ ಕಡತಗಳ ರಾಶಿಯಲ್ಲಿ ಮುಳುಗಿರುವ ಇಲಾಖೆಗಳಿಗೆ ಇಲ್ಲ.

2018ರ ಫೆಬ್ರವರಿಯಲ್ಲಿ 'ಕುಟುಂಬ ಮೊದಲು' ಎಂಬ ಅರ್ಥದ ಹೆಸರಿನ ಕಾನೂನು ಬಂತು. ಅಲ್ಲಿಯ ತನಕ ಕೇಂದ್ರ ಸರಕಾರದ ದೊಡ್ಡ ನಿಧಿ ಮುಖ್ಯವಾಗಿ ಹರಿಯುತ್ತಿದ್ದದ್ದು ಮಗು ಮನೆಬಿಟ್ಟು ಸಾಕುಮನೆಗೆ ಹೋದ ಮೇಲೆ. ಮಗು ಮನೆಯಲ್ಲೇ ಇರುವಾಗ, ಕಳೆದುಕೊಳ್ಳುವ ಅಪಾಯವಿರುವ ಹೆತ್ತವರಿಗಾಗಿಯೂ ಆ ನಿಧಿಯನ್ನು ಬಳಸಲು ಈ ಕಾನೂನು ದಾರಿ ಮಾಡಿಕೊಟ್ಟಿತು. 1980ರಲ್ಲಿ ಹೇಳದೆ ಬಿಟ್ಟಿದ್ದನ್ನು ಈ ಸಲ ಸ್ವಲ್ಪ ಹೇಳಿತು. ಪರೀಕ್ಷೆಗೊಳಪಟ್ಟು ಪುರಾವೆ ಇರುವ ಸೇವೆಗಳಿಗೆ ಮಾತ್ರ ಹಣ. ಅದರಲ್ಲಿ ಅರ್ಧದಷ್ಟಾದರೂ ಅತ್ಯುತ್ತಮ ಪುರಾವೆಯ ದರ್ಜೆ ಪಡೆದವುಗಳಿಗೇ ಹೋಗಬೇಕು. ಕಿವಿಯ ದನಿಯ ಚಿಕಿತ್ಸೆ ಆ ಮೇಲಿನ ದರ್ಜೆಯಲ್ಲಿ ಮೊದಲೇ ಸೇರಿದವುಗಳಲ್ಲೊಂದು. ಒಂದು ಸಲಕ್ಕೆ ಹನ್ನೆರಡು ತಿಂಗಳ ಮಿತಿ. ಮಾನಸಿಕ ಆರೋಗ್ಯ, ಕುಡಿತ ಮತ್ತು ಮಾದಕ ವ್ಯಸನದ ಚಿಕಿತ್ಸೆ, ಹೆತ್ತವರ ತರಬೇತಿ, ಈ ಮೂರು ಬಗೆಯ ಸೇವೆಗಳು ಪಟ್ಟಿಯಲ್ಲಿವೆ. ತಾಯಿಗೆ ಬೇಕಾಗಿರುವುದು ಎರಡು ತಿಂಗಳ ಮನೆಬಾಡಿಗೆಯಾಗಿದ್ದರೆ ಆಕೆ ಬೇರೆ ಕಚೇರಿಯ ಸಾಲಿನಲ್ಲಿ ಹೋಗಿ ನಿಲ್ಲಬೇಕು.